ಕಪ್ಪು ಪರದೆಯಲ್ಲಿ ಕಂಡ ನಗು

“ಈ ಮೆಮೊರಿ ನಿಮಗ್ಯಾಕೆ?” ಎಂದು ಅವಳು ಕೇಳಿದಳು. ಕಂಪ್ಯೂಟರಿಗೆ ಹಾಕುವ ಹೊಸ ಮೆಮೊರಿಯ ಬಾಕ್ಸ್ ಹಿಡಿದು ಅಂಗಡಿಯಲ್ಲಿ ಅವಳ ರಿಪೇರಿ ಮೇಜಿನ ಮುಂದೆ ನಿಂತಿದ್ದೆ. ಆಗ ನನಗೆ ಐವತ್ತೆರಡು.

ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕಲಿಸಿದ್ದು ಅಚ್ಚುಕೂಟ. ಹದಿನೆಂಟು ವರ್ಷ ಸೀಸದ ಅಕ್ಷರದ ಮೊಳೆ ಜೋಡಿಸಿದೆ. ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರುವ ಅಕ್ಷರ ಓದಿ ಓದಿ ಕಣ್ಣು ಪಳಗಿತು. ಅಚ್ಚುಕೂಟ ಮುಚ್ಚಿದ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಪುಸ್ತಕದ ಪುಟ ಕಟ್ಟತೊಡಗಿದೆ. ಅದು ಕೆಟ್ಟಾಗಲೆಲ್ಲ ಅವಳ ಬಳಿ ಒಯ್ಯುತ್ತಿದ್ದೆ. ಕೆಡದಿದ್ದಾಗಲೂ ಒಯ್ದದ್ದುಂಟು. ಅವಳು ತಮಾಷೆಗೆ ‘ಮೊಳೆ ಸಾಹೇಬ್ರೇ’ ಅನ್ನುತ್ತಿದ್ದಳು, ನಾನು ‘ಮೇಡಂ’ ಅನ್ನುತ್ತಿದ್ದೆ. ಹೀಗೇ ಮೂರು ವರ್ಷ ಕಳೆದಿತ್ತು.

ಅಂಗಡಿಯ ಕೌಂಟರ್ ನೋಡಿಕೊಳ್ಳುವವನು ಅವಳ ತಮ್ಮ. ಆ ಬೆಳಿಗ್ಗೆ ಅವನೇ ಸುದ್ದಿ ಹೇಳಿದ: ಬೇರೆ ಊರಲ್ಲಿ ಇನ್ನೊಂದು ಅಂಗಡಿ ತೆರೆಯುತ್ತಿದ್ದೇವೆ, ತಿಂಗಳ ಕೊನೆಗೆ ಅಕ್ಕ ಅಲ್ಲಿಗೆ ಹೋಗುತ್ತಾಳೆ. ಅದನ್ನು ಕೇಳಿದ ಗಾಬರಿಯಲ್ಲೇ ಅವನು ತೋರಿಸಿದ ದುಬಾರಿ ಮೆಮೊರಿ ಕೊಂಡುಬಿಟ್ಟೆ. ಇದರಲ್ಲಿ ಲೇಟೆನ್ಸಿ ಕಡಿಮೆ, ಅಂದರೆ ಕೇಳಿದ್ದಕ್ಕೆ ತಡಮಾಡದೆ ಉತ್ತರ ಕೊಡುತ್ತದೆ ಎಂದು ಅವನ ವಿವರಣೆ.

ಅವಳು ಒಪ್ಪಲಿಲ್ಲ. ತಡ ಅಳೆಯುವ ಸಾಫ್ಟ್‌ವೇರಿಗೆ ವ್ಯತ್ಯಾಸ ಕಾಣಬಹುದು, ಪುಟ ಕಟ್ಟುವ ಬೆರಳಿಗೆ ಕಾಣುವುದಿಲ್ಲ ಎಂದಳು. ನಾನು ಕಾಣುತ್ತದೆ ಎಂದೆ. ಮಾತು ಬೆಳೆಯಲಿ ಎಂಬುದಷ್ಟೇ ನನ್ನ ಆಸೆ.

ಅವಳು ಹುಬ್ಬೇರಿಸಿದಳು. “ಸರಿ, ನಿಮ್ಮ ಕಂಪ್ಯೂಟರಿಗೆ ಐದು ಸಲ ಮೆಮೊರಿ ಹಾಕ್ತೀನಿ. ಹಾಕಿದ್ದು ಹಳೇದೋ ಹೊಸದೋ ಅಂತ ಐದಕ್ಕೈದೂ ಸರಿಯಾಗಿ ಹೇಳಿದ್ರೆ ನೀವು ಕೇಳಿದ್ದು ಕೊಡ್ತೀನಿ. ಒಂದು ತಪ್ಪಿದ್ರೂ ಇದನ್ನ ವಾಪಸ್ ಕೊಟ್ಟು ಸುಮ್ನೆ ಮನೆಗೆ ಹೋಗ್ಬೇಕು.”

ನನ್ನನ್ನು ಪರದೆಯ ಕಡೆ ಮುಖ ಮಾಡಿ ಕೂರಿಸಿ, ನನ್ನ ಬೆನ್ನ ಹಿಂದೆ ನಾನು ತಂದಿದ್ದ ಕಂಪ್ಯೂಟರ್ ಬಿಚ್ಚಿದಳು. ಮೆಮೊರಿ ಹಾಕಿ ಆನ್ ಮಾಡಿದಾಗಲೆಲ್ಲ ನಾನು ಪುಟ ತೆರೆದೆ, ಸಾಲು ಜರುಗಿಸಿದೆ, ಚಿತ್ರ ಕೂರಿಸಿದೆ. ಕೂದಲೆಳೆಯಷ್ಟೂ ಫರಕು ತಿಳಿಯಲಿಲ್ಲ. ಆದರೂ ಐದಕ್ಕೈದೂ ಸರಿಯಾಗಿ ಹೇಳಿದೆ.

ತಮ್ಮ ಚಪ್ಪಾಳೆ ತಟ್ಟಿದ. ಅವಳ ಮುಖ ಮಾತ್ರ ಬಾಡಿತು. ಫರಕು ಕಾಣದು ಎಂದು ಇಷ್ಟು ವರ್ಷ ಗಿರಾಕಿಗಳಿಗೆ ಹೇಳಿಕೊಂಡು ಬಂದದ್ದೆಲ್ಲ ಸುಳ್ಳಾಯಿತೇ ಎಂಬಂತೆ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನೇ ನೋಡುತ್ತ ಕೂತಳು. ಅದನ್ನು ನೋಡಿ ನನ್ನ ಗೆಲುವು ನನಗೇ ಬೇಡವಾಯಿತು.

“ನೀವು ಹೇಳಿದ್ದೇ ನಿಜ ಮೇಡಂ. ಮೆಷೀನಲ್ಲಿ ನಂಗೇನೂ ಗೊತ್ತಾಗ್ಲಿಲ್ಲ. ಆಫ್ ಆದಾಗ ಪರದೆ ಕಪ್ಪು ಕನ್ನಡಿ ಥರ ಇರುತ್ತೆ, ಅದ್ರಲ್ಲಿ ನಿಮ್ಮ ಮುಖ ಕಾಣ್ತಿತ್ತು. ಹಳೇದು ಹಾಕುವಾಗ ನನ್ನ ಏಮಾರಿಸ್ತಿದೀನಿ ಅಂತ ನಗು ತಡ್ಕೊಳ್ತೀರಿ, ಎಡಗಡೆ ತುಟಿ ಒಳಗೆ ಹೋಗುತ್ತೆ. ಉಲ್ಟಾ ಓದಿ ಅಭ್ಯಾಸ ನಂಗೆ.”

ಅವಳು ನಿಧಾನಕ್ಕೆ ತಲೆ ಎತ್ತಿದಳು. “ನಾನು ಹಾಗೆ ನಗ್ತೀನಿ ಅಂತ ಯಾವಾಗಿಂದ ಗೊತ್ತು?”

“ಮೂರು ವರ್ಷದಿಂದ.”

ಅವಳ ಕೆನ್ನೆ ಕೆಂಪೇರಿತು. ಸ್ಕ್ರೂಡ್ರೈವರ್ ಕೆಳಗಿಟ್ಟಳು. “ಹೇಗೆ ಹೇಳಿದ್ರೂ ಐದಕ್ಕೈದೂ ಸರಿ ಹೇಳಿದೀರಿ. ಏನು ಬೇಕೋ ಕೇಳಿ.”

“ಪುಟ ಎಲ್ಲಿ ಕೂತು ಕಟ್ಟಿದ್ರೂ ಒಂದೇ. ಆ ಊರಿಗೆ ನಾನೂ ಬರ್ತೀನಿ, ನಿಮ್ಮ ಗಂಡನಾಗಿ. ಆಗುತ್ತಾ?”

ಕಣ್ಣು ಮುಚ್ಚಿ ತೆರೆಯುವಷ್ಟು ತಡವಾಯಿತು. ಮೆಮೊರಿಯ ತಡ ತಿಳಿಯದ ನನಗೆ ಈ ತಡ ಮಾತ್ರ ಚೆನ್ನಾಗಿ ತಿಳಿಯಿತು. ಆಮೇಲೆ ಎಡಗಡೆ ತುಟಿ ಒಳಕ್ಕೆ ಹೋಯಿತು. ಈ ಸಲ ನಗು ಅಲ್ಲಿ ನಿಲ್ಲಲಿಲ್ಲ, ಮುಖವೆಲ್ಲ ಹರಡಿತು.

“ಹೂಂ,” ಎಂದಳು.

ಕೌಂಟರಿನಿಂದ ತಮ್ಮ ಇಣುಕಿದ. “ಹಾಗಾದ್ರೆ ಆ ಮೆಮೊರಿ ಏನ್ಮಾಡ್ಲಿ, ಭಾವ?”

“ವಾಪಸ್,” ಎಂದೆವು, ಇಬ್ಬರೂ ಒಟ್ಟಿಗೇ.