ಸತ್ತ ಎತ್ತುಗಳ ಸೋಮವಾರ

ಕೊಡಲಿಯ ಅಲಗು ಹಿಂದಿನಿಂದ ನನ್ನ ಕುತ್ತಿಗೆಗೆ ತಾಗಿತು. ತಣ್ಣಗಿತ್ತು.

"ಅಲ್ಲಾಡಬ್ಯಾಡ್ರಿ ಸಾಹೇಬ್ರ!"

ಅಲ್ಲಾಡಲಿಲ್ಲ. ಹೆದರಿಕೆಯಿಂದಲ್ಲ... ಆ ಮಳೆಗಾಲ ಹಳ್ಳಗಳಿಂದ ಹೆಣ ಎಳೆದೂ ಎಳೆದೂ ನನ್ನೊಳಗೆ ಹೆದರಿಕೆಗೂ ಜಾಗ ಉಳಿದಿರಲಿಲ್ಲ.

ದನಿಯ ಗುರುತು ಸಿಕ್ಕಿತು. ಇಂದೂರು ಎಂಬ ಹಳ್ಳಿಯ ಚನಬಸಪ್ಪ ಗೌಡ.

ನಾನು ಇಲ್ಲಿಗೆ, ದಾಂಡೇಲಿ ಕಾಡಿನ ಅಂಬೇವಾಡಿಯ ಟಿಂಬರ್ ಡಿಪೋಗೆ ಬಂದದ್ದು ಹೇಗೆ ಅಂತೀರಾ? ಕೇಳಿ.

ಅರವತ್ತೊಂದರ ಮಳೆ. ನೆರೆಯಲ್ಲಿ ಎತ್ತು ಸತ್ತವರಿಗೆ ಸರ್ಕಾರ ಪರಿಹಾರ ಕೊಟ್ಟಿತು. ಸುಳ್ಳು ಹೇಳಿ ತೆಗೆದುಕೊಂಡವರನ್ನು ಹುಡುಕುವುದು ನನ್ನ ಕೆಲಸ. ಇಂದೂರಿನ ವಿಧವೆ ನೀಲಕ್ಕನ ಜೋಡೆತ್ತು ಹಳ್ಳದ ಪಾಲಾಗಿತ್ತು. ಆದರೆ ಆ ಹೆಣಗಳನ್ನು ತನ್ನವೆಂದು ತೋರಿಸಿ ಹಣ ಪಡೆದವನು ಗೌಡ!

"ಗೌಡರ ಎತ್ತಿಗೆ ಒಂದು ಕೋಡು ಮುರದೈತ್ರಿ," ಎಂದಿದ್ದಳು ನೀಲಕ್ಕ. "ಸತ್ತವಕ್ಕ ನಾಕೂ ಕೋಡು ಇದ್ವು. ಅವು ನನ್ನವು."

"ಈಗ ಬಿತ್ತಿಗೆ ಏನ್ ಮಾಡ್ತಿ ನೀಲಕ್ಕ?"

"ಎಂಟು ದಿನದಾಗ ಹೂಡಲಿಲ್ಲಂದ್ರ ಹೊಲಾ ನನಗ ಲಾವಣಿಗೆ, ಗೇಣಿಗೆ ಬರಕೊಡು ಅಂತಾರ ಗೌಡ್ರು."

ಬುಟ್ಟಿಯಲ್ಲಿ ಒಂದೇ ರೊಟ್ಟಿ ಇತ್ತು. ಮುರಿದಳು. ದೊಡ್ಡ ತುಂಡು ನನ್ನ ಕೈಗಿಟ್ಟಳು. ತಿಂದೆ. ರುಚಿ ತಿಳಿಯಲಿಲ್ಲ.

ಗೌಡನ ಎತ್ತು ಬದುಕಿದ್ದರೆ ಎಲ್ಲಿ? ಊರಲ್ಲಿಟ್ಟರೆ ಸಿಕ್ಕಿಬೀಳುತ್ತಾನೆ; ಬಚ್ಚಿಡಲು ಒಂದೇ ಜಾಗ, ದಾಂಡೇಲಿ ಕಾಡಿನಲ್ಲಿ ದಿಮ್ಮಿ ಎಳೆಯುವ ನೂರಾರು ಎತ್ತುಗಳ ನಡುವೆ! ಹುಡುಕುವುದು ಹೇಗೆ?

ಸೋಮವಾರದವರೆಗೆ ಕಾದೆ.

ನಮ್ಮ ಕಡೆಯ ಲಿಂಗವಂತ ಒಕ್ಕಲಿಗರು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಡಿಪೋದಲ್ಲಿ ಬೇರೆ ಕಡೆಯವರ ಬಂಡಿಗಳೆಲ್ಲ ಓಡುತ್ತಿದ್ದವು. ತೇಗದ ಮರದ ಕೆಳಗೆ ಒಂದೇ ಜೋಡಿ, ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿಸಿಕೊಂಡು ಮೆಲುಕು ಹಾಕುತ್ತಿತ್ತು.

ಒಂದರ ಕೋಡು ಮೊಂಡು!

ಗೌಡನ ಆಳು ಲಗಮಪ್ಪ ಅದರ ಕಣ್ಣ ಮೇಲಿನ ನೊಣ ಓಡಿಸುತ್ತಿದ್ದ. ಆಗಲೇ ಕುತ್ತಿಗೆಗೆ ಕೊಡಲಿ ಬಂದದ್ದು.

"ಲಗಮ್ಯಾ!" ಗೌಡ ಕಿರುಚಿದ. "ದಿನಾ ಹೂಡು ಅಂದಿದ್ನಿಲ್ಲೋ? ಇವತ್ತ್ಯಾಕ ಬಿಟ್ಟಿ?"

"ಇವತ್ತ ಸ್ವಾಮಾರರೀ, ಗೌಡ್ರ..."

"ಇಲ್ಲಿ ಯಾರ್ ನೋಡ್ತಾರೋ, ಮಬ್ಬಾ!"

"ಬಸವಣ್ಣ ನೋಡ್ತಾನಲ್ರೀ."

ಅಲಗು ನನ್ನ ಕುತ್ತಿಗೆಯಿಂದ ಸ್ವಲ್ಪ ಸರಿಯಿತು. ಗೌಡನ ಕೊರಳಲ್ಲೂ ಲಿಂಗವಿತ್ತು.

ಅಷ್ಟು ಸಾಕಿತ್ತು. ಮೊಣಕೈಯಿಂದ ಅವನ ಹೊಟ್ಟೆಗೆ ಗುದ್ದಿದೆ. ಕೊಡಲಿ ನನ್ನ ಕಿವಿ ಸೀಳಿ ಬಿತ್ತು. ಗೌಡ ತನ್ನ ಜೀಪಿನತ್ತ ಓಡಿದ. ದಿಮ್ಮಿಗಳ ಮೇಲೆ ಹಾರಿ ಹಾರಿ ಬೆನ್ನಟ್ಟಿದೆ. ಒದ್ದೆ ತೊಗಟೆ... ಜಾರಿದ! ಎದೆಯ ಮೇಲೆ ಕೂತೆ.

ಲಗಮಪ್ಪ ಓಡಿ ಬಂದ. ಹೊಡೆಯುತ್ತಾನೆಂದುಕೊಂಡೆ. ತಲೆಯ ವಸ್ತ್ರ ಬಿಚ್ಚಿ ನನ್ನ ಕಿವಿಗೆ ಕಟ್ಟಿದ.

"ನೆತ್ತರ ಭಾಳ ಹೊಂಟೈತ್ರಿ."

ನೋವು ಗೊತ್ತಾಗಲಿಲ್ಲ. ಬಟ್ಟೆಯ ಬಿಸಿ ಗೊತ್ತಾಯಿತು.

ಗೌಡನನ್ನು ಹಿಡಿದುಕೊಟ್ಟರೆ ಕೇಸು ಮುಗಿಯುವ ಹೊತ್ತಿಗೆ ನೀಲಕ್ಕನ ಹೊಲ ಹೋಗಿರುತ್ತಿತ್ತು. ಯೋಚಿಸಿದೆ.

"ಗೌಡ್ರ, ಈ ಎತ್ತು ಯಾರವು?"

ಅವನು ಕೊಸರಾಡಿದ.

"ನಿಮ್ಮವು ಅಂದ್ರ ಜೇಲು. ನಿಮ್ಮವು ಸತ್ತಾವಲ್ಲ?"

"...ನನ್ನವಲ್ಲರೀ."

"ಮತ್ತ್ಯಾರವು?"

ಅವನು ಮಣ್ಣು ಉಗುಳಿದ. "ನೀಲಕ್ಕನವು."

"ಹೊಲದ ಲಾವಣಿ?"

"ಬ್ಯಾಡ್ರಿ ನನಗ!"

ಕೊಡಲಿ ಎತ್ತಿಕೊಂಡೆ. "ಲಗಮಪ್ಪಾ, ಬಂಡಿ ಹೂಡು. ಇಂದೂರಿಗೆ ಹೋಗೂಣು."

ಅವನು ನನ್ನನ್ನೂ ಎತ್ತುಗಳನ್ನೂ ನೋಡಿದ.

"ಸ್ವಾಮಾರರೀ, ಸಾಹೇಬ್ರ... ನಡಸ್ಕೊಂತ ಹೋಗೂಣು."

ನಡೆದೆವು. ಕಾಲಲ್ಲಿ ಬೊಬ್ಬೆ ಎದ್ದವು. ಅದೂ ತಡವಾಗಿ ತಿಳಿಯಿತು.

ನನ್ನ ರಿಪೋರ್ಟಿನಲ್ಲಿ ಗೌಡನ ಜೋಡಿ ನೆರೆಗೆ ಸತ್ತಿದೆ. ಸತ್ತ ಆ ಎತ್ತುಗಳು ಈಗ ನೀಲಕ್ಕನ ಹೊಲ ಉಳುತ್ತಿವೆ... ಸೋಮವಾರವೊಂದು ಬಿಟ್ಟು!