ಮೆಟ್ಟಿಲು ತುಳಿಯದ ಕಳ್ಳ

ದಸರೆಯ ಮರುದಿನ ಬೆಳಿಗ್ಗೆ ಹೋಟೆಲಿನ ಶಟರ್ ಎತ್ತಿದವಳು ನಾನು. ಜಗಲಿಯ ಮೂಲೆ ಖಾಲಿ. ಸೈಕಲ್ ಇಲ್ಲ!

ನನ್ನ ಗಂಡ ಹರಿಶ್ಚಂದ್ರರ ಹಸಿರು ಸೈಕಲ್. ಹಿಂದಿನ ದಿನವಷ್ಟೇ ನಾನೇ ಅದನ್ನು ಒರೆಸಿ, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದ್ದೆ. ಎರಡೂ ಚಕ್ರದಲ್ಲಿ ಗಾಳಿಯಿಲ್ಲ, ಸರಪಳಿಗೆ ತುಕ್ಕು, ಹಿಂದಿನ ಚಕ್ರಕ್ಕೆ ಬೀಗ. ಅಂಥದ್ದನ್ನು ಕದ್ದು ಯಾರಿಗೆ ಏನು ಪ್ರಯೋಜನ?

ಇನ್ನೊಂದು ವಿಚಿತ್ರ ನೋಡಿ. ದಸರೆಗೆಂದು ಮಧ್ಯಾಹ್ನಕ್ಕೇ ಹೋಟೆಲ್ ಮುಚ್ಚಿ, ಸಂಜೆ ಮೆಟ್ಟಿಲಿನ ಉದ್ದಕ್ಕೂ ರಂಗೋಲಿ ಹಾಕಿದ್ದೆ. ಅದರ ಒಂದು ಎಸಳೂ ಕದಡಿರಲಿಲ್ಲ. ಬೀದಿಯಿಂದ ಜಗಲಿಗೆ ಹತ್ತಲು ಇರುವುದು ಅದೊಂದೇ ಮೆಟ್ಟಿಲು. ಎರಡೂ ಬದಿಗೆ ಸೊಂಟದೆತ್ತರದ ಗೋಡೆ. ಹಾಗಾದರೆ ಕಳ್ಳ ಹಾರಿ ಬಂದನೆ?

ಸಿಟ್ಟು ಬಂದರೆ ನನ್ನ ಕೈ ಪೊರಕೆಯನ್ನು ಹುಡುಕುತ್ತದೆ. ಜಗಲಿಯ ಮೂಲೆ ಗುಡಿಸಿದೆ. ಹೂವಿನ ಎಸಳು, ಅಕ್ಕಪಕ್ಕದ ಮರಾಠಿ ಮಕ್ಕಳು ದಸರೆಯ ಬಂಗಾರವೆಂದು ಕೊಟ್ಟುಹೋದ ಜೋಡಿ ಹೋಳಿನ ಆಪ್ಟೆ ಎಲೆ, ದಾರ ಸುತ್ತಿದ ಒಂದಿಷ್ಟು ಹುಣಸೆ ಸೊಪ್ಪು — ಎಲ್ಲ ಬಾಚಿ ಕಸದ ಗಾಡಿಗೆ ಹಾಕಿದೆ. ಆಮೇಲೆ ಗಂಡನನ್ನು ಎಬ್ಬಿಸಿದೆ.

ಅವರು ಕೋಲೂರಿಕೊಂಡು ಬಂದರು. ಖಾಲಿ ಮೂಲೆಯನ್ನು ನೋಡಿದರು. ಒಳಗೆ ಹೋಗಿ ಮಗನನ್ನು ಕರೆದರು.

"ಸುಖೇಶ್, ಎಷ್ಟಕ್ಕೆ ಕೊಟ್ಟೆ?"

"ಎಂತ ಅಪ್ಪಾ, ನಾನಾ? ದೇವರಾಣೆ ಇಲ್ಲ!"

"ಆ ಜಾಗ ನಿನಗೆ ಬೇಕಿತ್ತಲ್ಲ. ತಗೋ. ಇನ್ನು ನನ್ನ ಹತ್ತಿರ ಮಾತಾಡಬೇಡ."

ಅಷ್ಟು ಹೇಳಿದವರು ಚಹಾವನ್ನೂ ಮುಟ್ಟಲಿಲ್ಲ. ಅಪ್ಪ-ಮಗ ಜಗಳವಾಡಿದ್ದು ಹೊಸತಲ್ಲ. ಆದರೆ ಇಷ್ಟು ಮೆಲ್ಲಗೆ ಜಗಳವಾಡಿದ್ದನ್ನು ನಾನು ಕಂಡಿರಲಿಲ್ಲ. ಹೆದರಿಕೆಯಾಯಿತು. ಪೊಲೀಸರು ತುಕ್ಕು ಹಿಡಿದ ಸೈಕಲಿಗಾಗಿ ಬರುವವರೆ? ಸಿದ್ದಲಿಂಗಪ್ಪನವರಿಗೆ ಹೇಳಿ ಕಳಿಸಿದೆ.

ಸಿದ್ದಲಿಂಗಪ್ಪ ಕಲಬುರ್ಗಿ ಕಡೆಯವರು. ಯೆರವಡಾ ಜೈಲಿನಲ್ಲಿ ಕಾವಲು ಕೆಲಸ ಮಾಡಿ ನಿವೃತ್ತರಾಗಿ, ಪುಣೆಯ ಕಾತ್ರಜದ ನಮ್ಮ ಗಲ್ಲಿಯಲ್ಲೇ ಮಗಳ ಮನೆಯಲ್ಲಿದ್ದಾರೆ. "ನಾ ಒಬ್ಬ ಕಳ್ಳನ್ನೂ ಹಿಡದಂವ ಅಲ್ರಿ ಅಕ್ಕೋರ. ಹಿಡಿದು ತಂದವರ ಕೂಡ ಮಾತಾಡಿದಂವ," ಎನ್ನುತ್ತಾರೆ. ಗಲ್ಲಿಯಲ್ಲಿ ಏನು ಕಳೆದರೂ ಮೊದಲು ಅವರಿಗೇ ಸುದ್ದಿ.

ಬಂದವರು ಸೈಕಲಿನ ಜಾಗವನ್ನು ನೋಡಲೇ ಇಲ್ಲ. ಕೆಳಗೆ ನಿಂತು ರಂಗೋಲಿ ನೋಡಿದರು.

"ಛಂದ ಹಾಕೀರಿ. ಯಾರೂ ತುಳದಿಲ್ಲ?"

"ಯಾರೂ ಇಲ್ಲ ಮಾರಾಯ್ರೆ. ನಾವು ಹಿಂದಿನ ಬಾಗಿಲಿನಿಂದ ಓಡಾಡುವುದು."

"ಕ್ಯಾಮೆರಾ?"

"ಉಂಟು. ಗಲ್ಲಾಪೆಟ್ಟಿಗೆಯನ್ನು ನೋಡ್ತದೆ. ಸೈಕಲನ್ನು ನೋಡುವುದಿಲ್ಲ."

"ಅಂದ್ರ ಗ್ವಾಡಿ ಮ್ಯಾಲಿಂದ ಎತ್ತ್ಯಾನ. ಇಂಥಾ ವಜ್ಜಿ ಸೈಕಲ್ಲು! ಹತ್ತ ಬಂದ್ರ ಸಲೀಸಾಗಿ ಇಳಿಸಿಕೊಂಡು ಹೋಗಬೌದಿತ್ತು. ಕಳ್ಳ ಯಾಕ ಮೆಟ್ಟಲಾ ತುಳೀಲಿಲ್ಲ?"

"ದೇವರ ಮೇಲೆ ಭಕ್ತಿ ಇರಬೇಕು," ಎಂದೆ, ಸಿಡುಕಿನಿಂದ.

ಅವರು ನಗಲಿಲ್ಲ. ಮಗನನ್ನು ಕರೆದರು.

"ನಿನ್ನೆ ರಾತ್ರಿ ಎಲ್ಲಿದ್ದೆಪಾ?"

"ಪಿಂಪ್ರಿಯಲ್ಲಿ ಅಂಕಲ್, ಫ್ರೆಂಡ್ ಮನೆಯಲ್ಲಿ. ಬೆಳಗಿನ ಜಾವ ಬಂದೆ."

"ಸೈಕಲ್ ಭಂಗಾರಕ್ಕ ಹಾಕ್ರಿ ಅಂದಿದ್ದಿ, ಹೌದಿಲ್ಲೊ?"

"ಹೇಳಿದ್ದೆ. ಪಾರ್ಸಲ್ ಹುಡುಗರ ಗಾಡಿಗೆ ಜಾಗ ಇಲ್ಲ, ಅದಕ್ಕೆ." ಅವನು ಖಾಲಿ ಮೂಲೆಯ ಕಡೆ ತಿರುಗಿದ. "ಆ ಸೈಕಲಿನ ಮುಂದಿನ ಬಾರಿನ ಮೇಲೆ ಕೂತು ನಾನು ಶಾಲೆಗೆ ಹೋದವ. ಅದನ್ನು ನಾನು ಮಾರ್ತೇನಾ?"

ಭಂಗಾರದವನೂ, ಅಂದರೆ ಗುಜರಿಯವನೂ, ಸಿಕ್ಕಿದ. ಗಲ್ಲಿ ತುಂಬ ಕೇಳುವ ಹಾಗೆ ಮರಾಠಿಯಲ್ಲಿ ಕೂಗಾಡಿದ: ಪೂಜೆಯ ಹೂವು ಒಣಗದ ಗಾಡಿಯನ್ನು ಮುಟ್ಟಲು ತನಗೇನು ಹುಚ್ಚು ಹಿಡಿದಿದೆಯೆ? ಅದೂ ನಿಜವೇ.

ಕೊನೆಗೆ ಸಿದ್ದಲಿಂಗಪ್ಪ ನನ್ನ ಗಂಡನ ಎದುರು ಕುರ್ಚಿ ಎಳೆದು ಕೂತರು.

"ಶೆಟ್ರ, ಓಡದ ಸೈಕಲ್ಲಿಗೆ ಇಷ್ಟ್ಯಾಕ ಮರಗತೀರಿ?"

ನನ್ನ ಗಂಡ ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಹೇಳಿದರು: "ಅದು ಅಲ್ಲಿ ನಿಂತಿತ್ತಲ್ಲ, ಒಂದು ದಿನ ಹೊರಡಬಹುದು ಅಂತ ಆಸೆ ಇತ್ತು. ಬೆಳಿಗ್ಗೆ ಹಳೇ ಘಾಟಿ ಹತ್ತುವಾಗ ಎದೆ ಬಡ್ಕೊಳ್ತದೆ, ಸಾಕು ಅನಿಸ್ತದೆ. ಸುರಂಗದ ಬಾಯಿಗೆ ಮುಟ್ಟಿದರೆ ಆ ತಂಪು ಗಾಳಿ! ಆಚೆ ಬದಿ ಪೂರಾ ಇಳಿಜಾರು. ಅಂಬಣ್ಣ ಹೇಳ್ತಿದ್ದ, ಶೆಟ್ರ, ಇಲ್ಲಿಂದ ಬಿಟ್ಟುಬಿಟ್ರ ಸೈಕಲ್ಲ ತಾನ ನಮ್ಮೂರಿಗೆ ಹೋಗ್ತದ ಅಂತ. ದಿನಾ ಹೇಳ್ತಿದ್ದ. ದಿನಾ ಅಲ್ಲಿಂದಲೇ ತಿರುಗಿ ಬರ್ತಿದ್ದೆವು, ಹೋಟೆಲ್ ತೆರೀಬೇಕಲ್ಲ."

ಅಂಬಣ್ಣನ ಹೆಸರು ಬಂದದ್ದೇ ನನಗೆ ಮೈ ಉರಿಯಿತು. ಯಾದಗಿರಿ ಕಡೆಯ ಗೌಂಡಿ. ಈ ಜಗಲಿ, ಈ ಮೆಟ್ಟಿಲು ಕಟ್ಟಿದವನು ಅವನೇ. ಕಟ್ಟಿ ಮುಗಿಸಿದ ಮೇಲೂ ಇವರ ಸೈಕಲ್ ಸವಾರಿಯ ಜೊತೆಗಾರನಾಗಿ ಉಳಿದ. ಬೆಳಕು ಹರಿಯುವ ಮೊದಲೇ ಹೊರಟರೆ, ಪಂಕ್ಚರಾದ ಸೈಕಲ್ ತಳ್ಳಿಕೊಂಡು, ಮೈಯೆಲ್ಲ ಗ್ರೀಸು ಮಾಡಿಕೊಂಡು, ಚಿಕ್ಕ ಹುಡುಗರ ಹಾಗೆ ನಗುತ್ತ ಬರುತ್ತಿದ್ದರು. ಕಳೆದ ಚಳಿಗಾಲದಲ್ಲಿ ಇಳಿಜಾರಿನಲ್ಲಿ ಪಂದ್ಯ ಕಟ್ಟಿ, ಇವರು ಬಿದ್ದು ಸೊಂಟ ಮುರಿದುಕೊಂಡರು. ಅಂಬಣ್ಣ ಎತ್ತಿಕೊಂಡು ಬಂದ. "ಇನ್ನೊಮ್ಮೆ ಈ ಮೆಟ್ಟಿಲು ತುಳಿದರೆ ನೋಡು!" ಎಂದು ಎಲ್ಲರೆದುರಿಗೇ ಹೇಳಿದೆ. ಯಾವ ಹೆಂಡತಿ ಹೇಳುವುದಿಲ್ಲ? ಅವನು ಮತ್ತೆ ಬರಲಿಲ್ಲ. ಇವರು ನನ್ನನ್ನು ಒಂದು ಮಾತೂ ಕೇಳಲಿಲ್ಲ.

"ದಸರಾ ಸಂಜಿಮುಂದ ಜಗಲಿ ಮ್ಯಾಲ ನಿಂತು ಯಾರ ದಾರಿ ನೋಡತಿದ್ರಿ?" ಸಿದ್ದಲಿಂಗಪ್ಪ ಕೇಳಿದರು.

"ಯಾರದ್ದೂ ಇಲ್ಲ," ಎಂದರು ನನ್ನ ಗಂಡ. "ಬರುವವನಾಗಿದ್ದರೆ ಬಂದಿರುತ್ತಿದ್ದ."

ಸಿದ್ದಲಿಂಗಪ್ಪ ಎದ್ದರು. ನಾಳೆ ಬರುತ್ತೇನೆಂದು ಹೋದರು. ಆ ದಿನ ನಮ್ಮ ಮನೆಯಲ್ಲಿ ಮೂವರೂ ಮೂರು ಮೂಲೆಗೆ ಕೂತು ಉಂಡೆವು. ಉಂಡೆವು ಎಂದರೆ ಸುಳ್ಳು.

ಮರುದಿನ ಬೆಳಿಗ್ಗೆ ಬಂದು ಸಿದ್ದಲಿಂಗಪ್ಪ ಗಲ್ಲಾದ ಮೇಲೆ ಒಂದು ಹಸಿರು ಟೊಂಗೆ ಇಟ್ಟರು.

"ಇದೇನ್ರಿ ಅಕ್ಕೋರ?"

"ಹುಣಸೆ ಸೊಪ್ಪು. ಸಾರಿಗೆ ಹಾಕ್ಲಾ?"

"ಇದನ್ನ ಮೊದಲು ಎಲ್ಲೆರ ಕಂಡೀರಿ?"

"ನಿನ್ನೆ ಬೆಳಿಗ್ಗೆ ಗುಡಿಸಿದೆನಲ್ಲ, ಸೈಕಲ್ ಇದ್ದ ಜಾಗದಲ್ಲಿ. ದಾರ ಸುತ್ತಿ —"

ಅಲ್ಲಿಗೇ ನಿಲ್ಲಿಸಿದೆ. ಹುಣಸೆ ಸೊಪ್ಪಿಗೆ ಯಾರು ದಾರ ಸುತ್ತುತ್ತಾರೆ? ನಮ್ಮ ಗಲ್ಲಿಯಲ್ಲಿ ಹುಣಸೆ ಮರವಾದರೂ ಎಲ್ಲಿದೆ?

"ಇದು ಹುಣಸೀ ಅಲ್ರಿ. ಬನ್ನಿ," ಎಂದರು ಸಿದ್ದಲಿಂಗಪ್ಪ. "ಪುಣೇದಾಗ ದಸರಾಕ್ಕ ಎಲ್ಲಾರೂ ಆಪ್ಟೆ ಕೊಡತಾರ. ನಿಮ್ಮ ಕರಾವಳಿ ಮಂದ್ಯಾಗ ಬನ್ನಿ ಕೊಡೋ ರೂಢಿನೇ ಇಲ್ಲ. ನಮ್ಮ ಕಡೀದಂವ ಮಾತ್ರ ಎಲ್ಲಿದ್ದರೂ ಹುಡುಕಿ ಬನ್ನಿನೇ ತರತಾನ. ಜಗಳ ಆಡಿದವರ ಕೈಗೆ ಮೊದಲು ಕೊಡತಾನ. ಬನ್ನಿ ತಗೊಂಡು ಬಂಗಾರದಂಗ ಇರೋಣು ಅಂತಾನ. ಅಲ್ಲಿಗೆ ಸಿಟ್ಟು ಮುಗೀತು."

ಒಳಗಿನಿಂದ ಬರುತ್ತಿದ್ದ ಕೋಲಿನ ಸದ್ದು ನಿಂತಿತು. ನನ್ನ ಗಂಡ ಬಾಗಿಲಲ್ಲಿದ್ದರು.

"ನನಗ ಗುಮಾನಿ ಬಂದದ್ದು ರಂಗೋಲಿ ನೋಡಿ," ಸಿದ್ದಲಿಂಗಪ್ಪ ಮುಂದುವರಿಸಿದರು. "ಕಳ್ಳ ರಂಗೋಲಿಗೆ ಯಾಕ ಅಂಜತಾನ? ಅಂವ ಅಂಜಿದ್ದು ರಂಗೋಲಿಗಲ್ಲ, ಮೆಟ್ಟಲಿಗೆ. ಈ ಊರಾಗ ಈ ಮೆಟ್ಟಲಾ ತುಳೀಬ್ಯಾಡ ಅಂತ ನೀವು ಯಾರಿಗೆ ಹೇಳೀರಿ? ಒಬ್ಬಂಗ. ಅಂವ ನಮ್ಮ ಕಡೀದಂವ. ದಸರಾಕ್ಕ ಬರಿಗೈಲೆ ಬಂದಿರಾಕಿಲ್ಲ ಅನಿಸ್ತು. ಅದಕ್ಕ ಬನ್ನಿ ತಂದು ನಿಮ್ಮನ್ನ ಕೇಳದೆ. ಸೈಕಲ್ ಒಯ್ದಂವ ಅಂಬಣ್ಣ. ಸುಖೇಶಂದು ಏನೂ ತಪ್ಪಿಲ್ಲ. ಅಂಬಣ್ಣ ಹೇಳೇ ಒಯ್ದಾನ್ರಿ, ಶೆಟ್ರಿಗೆ ತಿಳಿಯೋ ಹಂಗ ಗುರ್ತು ಇಟ್ಟು. ಆ ಗುರ್ತು ಗುಡಿಸಿ ಹಾಕಿದವರು ನೀವು."

"ನನಗೆ ಹೇಗೆ ಗೊತ್ತಾಗಬೇಕು!" ಎಂದು ಕೂಗಿದೆ.

"ಪ್ರತಿ ದಸರೆಗೆ ನನ್ನ ಅಂಗಿ ಕಿಸೆಯಲ್ಲಿ ಸಿಕ್ತಿತ್ತಲ್ಲ, ಲೀಲಾ," ಎಂದರು ನನ್ನ ಗಂಡ. "ಒಗೆಯುವಾಗ ಎಂತ ಕಸ ತುಂಬಿಸಿಕೊಂಡು ಬರ್ತೀರಿ ಅಂತ ನೀನು ಬೈತಿದ್ದೆ. ಘಾಟಿಯ ಬುಡದಲ್ಲಿ ಕೊಡ್ತಿದ್ದ ಅವನು." ಅವರು ಬಂದು ಗಲ್ಲಾದ ಮೇಲಿನ ಟೊಂಗೆಯನ್ನು ಎತ್ತಿಕೊಂಡರು. "ಬಂದಿದ್ದನಾ ಅವನು? ನಿಜವಾಗಿ ಬಂದಿದ್ದನಾ?"

ಅವರು ಮಗನ ಹೆಗಲ ಮೇಲೆ ಕೈಯಿಟ್ಟರು. "ಸುಖೇಶ್, ತಪ್ಪಾಯ್ತು ಮಗಾ. ಸ್ಕೂಟರ್ ತೆಗಿ."

ಸಿದ್ದಲಿಂಗಪ್ಪನವರೂ ನಾನೂ ರಿಕ್ಷಾದಲ್ಲಿ ಹಿಂದೆಯೇ ಹೋದೆವು. ಹಳೇ ಘಾಟಿಯ ಬುಡದಲ್ಲಿ ಚಹಾದ ಗಾಡಿ. ಅದರ ಪಕ್ಕದ ಕಲ್ಲಿನ ಮೇಲೆ ಅಂಬಣ್ಣ ಕೂತಿದ್ದ. ತಲೆ ಪೂರಾ ಬೆಳ್ಳಗಾಗಿತ್ತು. ಎದುರಿಗೆ ಎರಡು ಸೈಕಲ್. ಹಸಿರು ಸೈಕಲಿಗೆ ಹೊಸ ಟಯರು, ಹೊಸ ಬ್ರೇಕು. ತುಕ್ಕೆಲ್ಲ ತಿಕ್ಕಿ ತೆಗೆದಿದ್ದ. ಸೊಂಟ ನೋಯುವವರಿಗೆ ಕಾಲು ಊರಲು ಬರಲೆಂದು ಸೀಟನ್ನು ತಗ್ಗಿಸಿದ್ದ. ನಾನು ಹಾಕಿದ ಮಾಲೆ ಬಾಡಿದ್ದರೂ ಹಾಗೆಯೇ ಇತ್ತು.

ನನ್ನನ್ನು ಕಂಡು ಗಾಬರಿಯಿಂದ ಎದ್ದು ನಿಂತ. ಮೊದಲು ಮಾತಾಡಿದ್ದು ನನ್ನ ಹತ್ತಿರವೇ.

"ಅಕ್ಕೋರ, ಮೆಟ್ಟಲಾ ತುಳದಿಲ್ರಿ ನಾ."

ಅಳು ಬಂತು. ರಸ್ತೆಯಲ್ಲೇ ಸೆರಗು ಬಾಯಿಗಿಟ್ಟುಕೊಂಡು ಅತ್ತೆ.

"ನಿನ್ನೆನೂ ಕುಂತಿದ್ದೆರಿ ಶೆಟ್ರ," ಅವನು ಇವರಿಗೆ ಹೇಳುತ್ತಿದ್ದ. "ಬನ್ನಿ ನೋಡಿ ಬರತೀರಿ ಅಂದ್ಕೊಂಡಿದ್ದೆ. ಬರಲಿಲ್ಲ. ಸಿಟ್ಟು ಇಳದಿಲ್ಲ ಅಂತ ತಿಳಕೊಂಡೆ. ಇವತ್ತೊಂದಿನ ನೋಡಿ ಸೈಕಲ್ ತಂದು ಇಟ್ಟುಬಿಡೂದು ಅಂತ ಮಾಡಿದ್ದೆ."

"ಸಿಟ್ಟಾ! ಯಾರಿಗೆ ಮಾರಾಯ?" ನನ್ನ ಗಂಡ ಕೋಲನ್ನು ಮಗನ ಕೈಗೆ ಕೊಟ್ಟು ಸೈಕಲ್ ಹಿಡಿದರು. ಕಷ್ಟಪಟ್ಟು ಹತ್ತಿದರು. ಒಂದು ಕಾಲು ನೆಲಕ್ಕೂರಿ ಗಂಟೆ ಬಾರಿಸಿ ನೋಡಿದರು. ಆಮೇಲೆ ಕತ್ತೆತ್ತಿ ಘಾಟಿಯ ತಿರುವುಗಳನ್ನು, ಅದರ ತುದಿಯಲ್ಲಿ ಕಾಣದ ಸುರಂಗವನ್ನು ನೋಡುತ್ತ ನಿಂತರು.

"ಅಂಬಣ್ಣ, ಅಲ್ಲಿಯವರೆಗೆ ಇನ್ನು ಆಗ್ಲಿಕ್ಕಿಲ್ಲ, ಅಲ್ವಾ?"

"ಈಗ ಕೆರಿ ತನಕ ಹೋಗೂಣ್ರಿ. ಅದೂ ಸಪಾಟ ರಸ್ತಾದಾಗ."

ಇಬ್ಬರೂ ಘಾಟಿಗೆ ಬೆನ್ನು ಹಾಕಿ ಕೆರೆಯ ಕಡೆಗೆ ಹೊರಟರು, ಮೆಲ್ಲಗೆ, ಒಬ್ಬರ ಪಕ್ಕ ಒಬ್ಬರು. ನನ್ನ ಗಂಡ ಎರಡು ಸಲ ಹಿಂತಿರುಗಿ ಘಾಟಿಯನ್ನು ನೋಡಿದರು.

ಮರುದಿನ ನಾನು ಮೆಟ್ಟಿಲಿಗೆ ರಂಗೋಲಿ ಹಾಕುತ್ತಿರುವಾಗ ಬೀದಿಯಲ್ಲಿ ಗಂಟೆ ಕೇಳಿತು. ಅಂಬಣ್ಣ ಸೈಕಲ್ ಹಿಡಿದುಕೊಂಡು ಗೋಡೆಯ ಆಚೆಯೇ ನಿಂತಿದ್ದ.

"ಅಕ್ಕೋರ, ಶೆಟ್ರಿಗೆ ಹೇಳ್ರಿ, ಬಂದೀನಿ ಅಂತ."

"ನಾನು ಯಾಕೆ ಹೇಳಬೇಕು? ಮೇಲೆ ಬಂದು ನೀನೇ ಕರಿ."

ಅವನು ರಂಗೋಲಿ ನೋಡಿ ಹಿಂಜರಿದ. ನಾನು ಎದ್ದು, ಅರ್ಧ ಹಾಕಿದ ತಾವರೆಯನ್ನು ನನ್ನ ಕಾಲಿನಿಂದಲೇ ಅಳಿಸಿ ದಾರಿ ಮಾಡಿದೆ.

"ಬಾ ಮಾರಾಯ. ನೀನೇ ಕಟ್ಟಿದ ಮೆಟ್ಟಿಲಲ್ವಾ?"