ನರಕದಲ್ಲಿ ಬೆಂದ ರೊಟ್ಟಿ

ಬಹಳ ಹಿಂದೆ, ಇಟಲಿಯ ಬೆಟ್ಟಗಳ ನಡುವೆ ವಾಲ್‌ದೋರಾ ಎಂಬ ರಾಜ್ಯವಿತ್ತು. ಅಲ್ಲಿಯ ಕವಿಗಳಿಗೆ ಒಂದು ಚಟ. ಯಾರ ಮೇಲೆ ಸಿಟ್ಟು ಬಂದರೂ ಪರಲೋಕದ ಕಾವ್ಯ ಬರೆದು ಅವರನ್ನು ನರಕದಲ್ಲಿ ಕೂರಿಸಿಬಿಡುವುದು. ಹಾಗೆ ನರಕ ಸೇರಿದವರು ಮರುದಿನ ಸಂತೆಯಲ್ಲಿ ಈರುಳ್ಳಿ ಆರಿಸುತ್ತ ಸಿಗುತ್ತಿದ್ದರು. ಯಾರ ಕೂದಲೂ ಕೊಂಕುತ್ತಿರಲಿಲ್ಲ.

ಬಿಂದೋ ಎಂಬ ತರುಣ ಕವಿ, ರೊಟ್ಟಿ ಸುಡುವ ಗೆರಾರ್ದೋನ ಬಳಿ ಅವನ ಮಗಳು ನೆಲ್ಲಾಳನ್ನು ಮದುವೆಗೆ ಕೇಳಲು ಹೋದ. ಮುದುಕ ನಾದುತ್ತಿದ್ದ ಹಿಟ್ಟಿನಿಂದ ತಲೆಯನ್ನೂ ಎತ್ತಲಿಲ್ಲ.

"ನಿನ್ನ ಪದ್ಯದಿಂದ ಯಾರ ಹೊಟ್ಟೆ ತುಂಬಿದೆಯಪ್ಪಾ?" ಎಂದ.

ಬಿಂದೋನ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವನೇ ಸಂತೆಯಲ್ಲಿ ಕೊಂಡಿದ್ದ ಹೊಸ ಮಸಿಕುಡಿಕೆ ತೆರೆದು, ಪದ್ಯ ಬರೆದು ಮುದುಕನನ್ನು ನರಕದ ತಳದಲ್ಲಿ, ಬೆಂಕಿಯ ಪಕ್ಕದಲ್ಲೇ ಕೂರಿಸಿದ.

ಬೆಳಗ್ಗೆ ನೋಡಿದರೆ ಗೆರಾರ್ದೋನ ರೊಟ್ಟಿಯ ಭಟ್ಟಿ ತಣ್ಣಗಿತ್ತು. ಮುದುಕ ಇರಲಿಲ್ಲ. ಬಿಂದೋನ ಕೈಯಲ್ಲಿದ್ದ ಮಸಿಕುಡಿಕೆ ಕಿಸಕ್ಕನೆ ನಕ್ಕಿತು.

"ನಾನು ಮಾಂತ್ರಿಕ ಮಾಲಾಸ್ಪೋನ ಮಸಿ. ನನ್ನಿಂದ ಬರೆದದ್ದು ನಿಜವಾಗುತ್ತದೆ. ತಿದ್ದಬೇಕಾದರೆ ನರಕಕ್ಕೇ ಹೋಗಬೇಕು. ಸಂಜೆಯ ಗಂಟೆ ಮೊಳಗುವುದರೊಳಗೆ ಕರೆತರದಿದ್ದರೆ ಮುದುಕ ಅಲ್ಲಿಯವನೇ."

"ಕಳಿಸಿದವನು ನೀನು. ಕರೆತರುವವನೂ ನೀನೇ," ಎಂದಳು ನೆಲ್ಲಾ.

ನಾಚಿಕೆಯಿಂದ ಬಿಂದೋ ಅವಳ ಮುಖ ನೋಡಲಾರದೆ ಹೋದ. ಕುಡಿಕೆ, ಲೇಖನಿ, ಪದ್ಯದ ಹಾಳೆಯನ್ನು ಜೇಬಿಗೆ ಹಾಕಿಕೊಂಡು, ಊರಾಚೆಯ ಗುಹೆಯಿಂದ ನರಕಕ್ಕೆ ಇಳಿದ.

ಮೊದಲ ಬಾಗಿಲಲ್ಲಿ ಕುದುರೆಯಷ್ಟು ದೊಡ್ಡ ಗೂಬೆ ಕೂತಿತ್ತು. "ಆ ಮುದುಕನ ಬಗ್ಗೆ ಒಂದು ಒಳ್ಳೆಯ ಮಾತು ಹೇಳು, ದಾರಿ ಬಿಡುತ್ತೇನೆ," ಎಂದಿತು.

"ಅವನ ರೊಟ್ಟಿ ರುಚಿ," ಎಂದ ಬಿಂದೋ. ಬಾಗಿಲು ತೆರೆಯಿತು.

ಎರಡನೆಯ ಬಾಗಿಲಲ್ಲಿ ಕಬ್ಬಿಣದ ಹೋರಿ. ಅದೂ ಅದನ್ನೇ ಕೇಳಿತು. ಬಿಂದೋ ತಲೆ ಕೆರೆದುಕೊಂಡ. "ಬರಗಾಲದಲ್ಲಿ ಬೀದಿಗೆಲ್ಲ ರೊಟ್ಟಿ ಹಂಚಿದ. ನಾನೂ ತಿಂದಿದ್ದೇನೆ."

ಮೂರನೆಯ ಬಾಗಿಲಲ್ಲಿ ಬೆಂಕಿಯ ಹಾವು. ಅದೂ ಅದನ್ನೇ ಕೇಳಿತು. "ಅವನು ನನ್ನ ಪದ್ಯದ ಬಗ್ಗೆ ಹೇಳಿದ್ದು ನಿಜ," ಎಂದ ಬಿಂದೋ ಮೆಲ್ಲಗೆ. ಹಾವು ಸರಿದು ದಾರಿ ಕೊಟ್ಟಿತು.

ನರಕದ ತಳದಲ್ಲಿ ಘಮಘಮ ಪರಿಮಳ. ಗೆರಾರ್ದೋ ಅಂಗಿಯ ತೋಳು ಮಡಚಿಕೊಂಡು ನರಕದ ಬೆಂಕಿಯಲ್ಲೇ ರೊಟ್ಟಿ ಸುಡುತ್ತಿದ್ದ. ಪಿಶಾಚಿಗಳು ಸಾಲಾಗಿ ನಿಂತಿದ್ದವು.

"ಬಂದೆಯಾ? ಬೆಂಕಿ ಚೆನ್ನಾಗಿದೆ, ಹಿಟ್ಟು ಮಾತ್ರ ಸಾಲದು," ಎಂದ ಮುದುಕ.

ಅಷ್ಟರಲ್ಲಿ ಮಾಲಾಸ್ಪೋ ಹಲ್ಲು ಕಡಿಯುತ್ತ ಬಂದ. ಕವಿಗಳ ಸಿಟ್ಟೇ ಅವನಿಗೆ ಅನ್ನ. "ಬರೆದ ಜಾಗ ಖಾಲಿ ಬಿಡುವಂತಿಲ್ಲ. ಇವನ ಬದಲು ಬೇರೊಬ್ಬ ಶತ್ರುವಿನ ಹೆಸರು ಬರೆ," ಎಂದ.

ಶತ್ರುಗಳಿಗೇನು, ಬೇಕಾದಷ್ಟಿದ್ದರು. ಬಿಂದೋ ಕುಡಿಕೆಯ ಮಸಿಯಲ್ಲಿ ಲೇಖನಿ ಅದ್ದಿ, ಮುದುಕನ ಹೆಸರು ಹೊಡೆದುಹಾಕಿ ತನ್ನ ಹೆಸರನ್ನೇ ಬರೆದ.

ಅಂಥದ್ದನ್ನು ಯಾವ ಕವಿಯೂ ಮಾಡಿರಲಿಲ್ಲ. ಸಿಟ್ಟಿಲ್ಲದ ಆ ಸಾಲು ಮಾಂತ್ರಿಕನಿಗೆ ಅರಗಲಿಲ್ಲ. ಅವನು ಬಿಕ್ಕಳಿಸಿದ, ಮತ್ತೆ ಬಿಕ್ಕಳಿಸಿದ, ಹೊಗೆಯಾಗಿ ಹಾರಿಹೋದ. ಮಸಿ ನೀರಾಗಿ, ಬರೆದದ್ದೆಲ್ಲ ಅಳಿಸಿಹೋಯಿತು. ಸಂಜೆಯ ಗಂಟೆ ಮೊಳಗುವಾಗ ಇಬ್ಬರೂ ಭಟ್ಟಿಯ ಮುಂದೆ ನಿಂತಿದ್ದರು. ನೆಲ್ಲಾ ಅಪ್ಪನನ್ನು ತಬ್ಬಿ ಅತ್ತಳು, ಬಿಂದೋನನ್ನು ನೋಡಿ ನಕ್ಕಳು.

"ಕೈ ತೊಳೆದುಕೊಂಡು ಬಾ ಅಳಿಯ, ಹಿಟ್ಟು ನಾದು," ಎಂದ ಗೆರಾರ್ದೋ.

ಮದುವೆಗೆ ಪಿಶಾಚಿಗಳೂ ಬಂದು ಉಂಡುಹೋದವು. ಎಲ್ಲರೂ ಹೊಟ್ಟೆತುಂಬ ತಿಂದು ಸುಖವಾಗಿದ್ದರು. ವಾಲ್‌ದೋರಾದ ಕವಿಗಳು ಇವತ್ತಿಗೂ ನರಕದ ಕಾವ್ಯ ಬರೆಯುತ್ತಾರೆ. ಆದರೆ ಮೊದಲ ಸಾಲಿನಲ್ಲಿ ತಮ್ಮನ್ನೇ ನರಕದಲ್ಲಿ ಕೂರಿಸಿದ ಮೇಲೆಯೇ ಪಕ್ಕದ ಮನೆಯವರನ್ನು ಅಲ್ಲಿಗೆ ಕರೆಯುತ್ತಾರೆ.